ಆರು ದಿನ, ಐದು ಪಂದ್ಯ: 1899ರ ಸೆವಾನಿ ತಂಡ

ಗೇಟ್ ಕಲೆಕ್ಷನ್‌ನಲ್ಲಿ ಯಾರಿಗೆಷ್ಟು ಪಾಲು ಎಂಬ ತಕರಾರು ಬಗೆಹರಿಯದೆ, 1899ರಲ್ಲಿ ಅಮೆರಿಕದ ಸೆವಾನಿ ಮತ್ತು ವ್ಯಾಂಡರ್‌ಬಿಲ್ಟ್ ಕಾಲೇಜು ಫುಟ್‌ಬಾಲ್ ತಂಡಗಳು ಒಂದನ್ನೊಂದು ಎದುರಿಸಲಿಲ್ಲ. ನ್ಯಾಷ್‌ವಿಲ್ ನಗರದ ವ್ಯಾಂಡರ್‌ಬಿಲ್ಟ್ ಎಂದರೆ ಸೆವಾನಿಗೆ ಹತ್ತಿರದ ಎದುರಾಳಿ, ಹಳೆಯ ಹಗೆ, ಜನ ಸೇರುವ ಪಂದ್ಯ. ಅದು ಕೈತಪ್ಪಿತೆಂದರೆ ತಂಡದ ಖಜಾನೆಗೆ ಪೆಟ್ಟು. ಆ ಹೊಡೆತವನ್ನು ತುಂಬಿಕೊಳ್ಳುವ ಹೊಣೆ ಬಿದ್ದದ್ದು ಲ್ಯೂಕ್ ಲೀ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿಯ ಮೇಲೆ. ಆತ ತಂಡದ ಮ್ಯಾನೇಜರ್. ಟೆಕ್ಸಸ್, ಲೂಸಿಯಾನ, ಟೆನೆಸಿ ರಾಜ್ಯಗಳ ಊರುಗಳಿಗೆ ಪತ್ರ ಬರೆದು, ಒಂದರ ಬೆನ್ನಿಗೆ ಒಂದರಂತೆ ಪಂದ್ಯಗಳನ್ನು ಗೊತ್ತುಮಾಡಿದ. ನವೆಂಬರ್ 9ರಿಂದ 14ರೊಳಗೆ ಐದು ಊರು, ಐದು ಪಂದ್ಯ. ರೈಲಿನ ಹಾದಿ ಒಟ್ಟು 2,500 ಮೈಲಿ, ಅಂದರೆ ಸುಮಾರು 4,000 ಕಿಲೋಮೀಟರ್. ಹೆಚ್ಚುಕಡಿಮೆ ಬೆಂಗಳೂರಿನಿಂದ ದೆಹಲಿಗೆ ಹೋಗಿ ವಾಪಸ್ ಬಂದಷ್ಟು ದೂರ.

ಐದನ್ನೂ ಸೆವಾನಿ ಗೆದ್ದಿತು. ಎದುರಾಳಿಗಳಲ್ಲಿ ಒಬ್ಬರಿಗೂ ಒಂದಂಕ ದಕ್ಕಲಿಲ್ಲ. ಅಮೆರಿಕದ ಕಾಲೇಜು ಫುಟ್‌ಬಾಲಿನ ಚರಿತ್ರೆಯಲ್ಲಿ ಇಂಥ ಇನ್ನೊಂದು ವಾರವಿಲ್ಲ. ಆ ಋತುವಿಗೆ ಈಗ ನೂರಿಪ್ಪತ್ತೈದು ವರ್ಷ ಮೀರಿದೆ. ಆ ತಂಡದವರನ್ನು ಇಂದಿಗೂ 'ಉಕ್ಕಿನ ಮನುಷ್ಯರು' ಎಂದೇ ಕರೆಯುತ್ತಾರೆ. ಆ ಬಿರುದಿನ ಅಬ್ಬರದಲ್ಲಿ ಮರೆಯಾಗುವ ಸಂಗತಿಯೊಂದಿದೆ, ಈ ಲೇಖನ ಅದರತ್ತಲೇ ನೋಡುತ್ತದೆ. ಈ ಗೆಲುವಿನ ಹಿಂದೆ ತೋಳ್ಬಲದಷ್ಟೇ ಪಾಲು ಏರ್ಪಾಟಿನದು. ಬಡತನವನ್ನು ಕಂಡಿದ್ದ ಒಂದು ಸಣ್ಣ ಸಂಸ್ಥೆ ತನ್ನ ಹುಡುಗರನ್ನು ಬೆಳೆಸಿದ ಬಗೆಯೂ ಅದರೊಳಗಿದೆ.

ಸೆವಾನಿ ಎಂಬುದು ಊರಿನ ಹೆಸರು. ವಿದ್ಯಾಸಂಸ್ಥೆಯ ನಿಜವಾದ ಹೆಸರು ಯೂನಿವರ್ಸಿಟಿ ಆಫ್ ದ ಸೌತ್. ಟೆನೆಸಿ ರಾಜ್ಯದ ಕಂಬರ್ಲೆಂಡ್ ಪ್ರಸ್ಥಭೂಮಿಯ ಮೇಲೆ, ಎರಡು ಸಾವಿರ ಅಡಿ ಎತ್ತರದಲ್ಲಿ, ಓಕ್ ಮರಗಳ ದಟ್ಟ ಕಾಡಿನ ನಡುವೆ ಅದು ನಿಂತಿದೆ. ದಕ್ಷಿಣದ ಎಪಿಸ್ಕೋಪಲ್ ಚರ್ಚಿನ ಬಿಷಪ್ಪರು ಸೇರಿ 1857ರಲ್ಲಿ ಅದನ್ನು ಹುಟ್ಟುಹಾಕಿದರು. ಹತ್ತಿ ಮತ್ತು ಕಬ್ಬಿನ ತೋಟಗಳ, ಗುಲಾಮರ ದುಡಿಮೆಯ ಹಣ ಅದರ ಬುನಾದಿಯಲ್ಲಿತ್ತು. ಸ್ಥಾಪಕರಲ್ಲಿ ಮುಂಚೂಣಿಯಲ್ಲಿದ್ದ ಬಿಷಪ್ ಲಿಯೊನಿಡಾಸ್ ಪೋಕ್ ಮುಂದೆ ಗುಲಾಮಗಿರಿಯ ಪಕ್ಷದ ಸೇನೆಯಲ್ಲಿ ಜನರಲ್ ಆಗಿ ಯುದ್ಧದಲ್ಲೇ ಸತ್ತರು. 1860ರ ಅಕ್ಟೋಬರ್‌ನಲ್ಲಿ ಅಡಿಗಲ್ಲು ಇಟ್ಟರು. ಮರುವರ್ಷ ಅಂತರ್ಯುದ್ಧ ಶುರುವಾಯಿತು. 1863ರಲ್ಲಿ ಉತ್ತರದ ಸೈನಿಕರು ಬೆಟ್ಟ ಹತ್ತಿ ಬಂದಾಗ ಆ ಅಡಿಗಲ್ಲನ್ನೇ ಒಡೆದು ಹಾಕಿದರು.

ಯುದ್ಧ ಮುಗಿದಾಗ ದೇಣಿಗೆಯ ಭರವಸೆ ಕೊಟ್ಟವರು ದಿವಾಳಿಯಾಗಿದ್ದರು, ಉಳಿದದ್ದು ಕಾಡಿನ ಜಮೀನು ಮಾತ್ರ. ಬಿಷಪ್ ಚಾರ್ಲ್ಸ್ ಟಾಡ್ ಕ್ವಿಂಟಾರ್ಡ್ ಇಂಗ್ಲೆಂಡಿಗೆ ಹಡಗು ಹತ್ತಿ ಹೋಗಿ ಅಲ್ಲಿನ ಚರ್ಚಿನವರ ಮುಂದೆ ಕೈಯೊಡ್ಡಿದರು. 1868ರ ಸೆಪ್ಟೆಂಬರ್‌ನಲ್ಲಿ ಒಂಬತ್ತೇ ಒಂಬತ್ತು ವಿದ್ಯಾರ್ಥಿಗಳೊಂದಿಗೆ ಪಾಠ ಆರಂಭವಾಯಿತು. ಆಕ್ಸ್‌ಫರ್ಡಿನ ಮಾದರಿಯನ್ನು ಮುಂದಿಟ್ಟುಕೊಂಡ ಸಂಸ್ಥೆ ಅದು. ಅಧ್ಯಾಪಕರು ಕಪ್ಪು ನಿಲುವಂಗಿ ತೊಟ್ಟು ತರಗತಿಗೆ ಬರುತ್ತಿದ್ದರು, ಓದಿನಲ್ಲಿ ಮುಂದಿದ್ದ ವಿದ್ಯಾರ್ಥಿಗಳಿಗೂ ಅದನ್ನು ತೊಡುವ ಹಕ್ಕಿತ್ತು. ಕೋವನ್ ಎಂಬ ತಪ್ಪಲಿನ ಊರಿನಿಂದ ಬೆಟ್ಟದ ಮೇಲಕ್ಕೆ ಒಂದು ಕಡಿದಾದ ರೈಲುಮಾರ್ಗ. ಕಲ್ಲಿದ್ದಲು ಸಾಗಿಸಲು ಹಾಕಿದ್ದ ಆ ಹಾದಿಯಲ್ಲಿ ಏದುಸಿರು ಬಿಡುತ್ತ ಏರುವ ರೈಲಿಗೆ ಜನ 'ಬೆಟ್ಟದ ಮೇಕೆ' ಎಂದು ಹೆಸರಿಟ್ಟಿದ್ದರು. ಹೊರ ಜಗತ್ತಿಗೆ ಅದೇ ದಾರಿ.

ಫುಟ್‌ಬಾಲ್ ಇಲ್ಲಿಗೆ ಬಂದದ್ದು 1891ರಲ್ಲಿ. ಮೊದಲ ವರ್ಷವೇ ವ್ಯಾಂಡರ್‌ಬಿಲ್ಟ್ ಎದುರು ಸೋಲು. ಆದರೆ ಬೆಟ್ಟದ ಮೇಲಿನ ಬದುಕು ಆಟಕ್ಕೆ ಹೇಳಿ ಮಾಡಿಸಿದಂತಿತ್ತು. ಬೇರೆ ಕಾಲೇಜುಗಳು ಬೇಸಿಗೆಯಲ್ಲಿ ಬಾಗಿಲು ಹಾಕಿದರೆ, ತಂಪಾದ ಸೆವಾನಿಯಲ್ಲಿ ಬೇಸಿಗೆಯುದ್ದಕ್ಕೂ ಪಾಠ ನಡೆಯುತ್ತಿತ್ತು; ದೀರ್ಘ ರಜೆ ಚಳಿಗಾಲದಲ್ಲಿ. ಶರತ್ಕಾಲದಲ್ಲಿ ಉಳಿದ ಕಾಲೇಜುಗಳ ಹುಡುಗರು ಊರುಗಳಿಂದ ಮರಳಿ ಬಂದು ಮೈ ಬಗ್ಗಿಸುವ ಹೊತ್ತಿಗೆ ಸೆವಾನಿಯವರು ತಿಂಗಳುಗಟ್ಟಲೆ ಒಟ್ಟಿಗೇ ಉಂಡು, ಓದಿ, ಓಡಾಡಿದ್ದರು. ಸುಮಾರು ಮುನ್ನೂರು ವಿದ್ಯಾರ್ಥಿಗಳ ಊರಿನಲ್ಲಿ ಬೇರೆ ಮನರಂಜನೆಯೂ ಹೆಚ್ಚಿರಲಿಲ್ಲ. 1899ರ ಗೆಲುವಿನ ಕಾರಣ ಕೇಳಿದರೆ ನಾನು ಮೊದಲು ಹೇಳುವುದು ಈ ಕ್ಯಾಲೆಂಡರನ್ನು.

ಆಗಿನ ಆಟದ ಬಗ್ಗೆ ಒಂದೆರಡು ಮಾತು ಹೇಳಬೇಕು. ನಮ್ಮಲ್ಲಿ ಫುಟ್‌ಬಾಲ್ ಎಂದೊಡನೆ ಕಾಲಿನ ಆಟ ನೆನಪಾಗುತ್ತದೆ. ಅಮೆರಿಕದ್ದು ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ಎದುರಾಳಿಗಳ ಗೋಡೆಯನ್ನು ಸೀಳಿ ಮುನ್ನುಗ್ಗುವ ಆಟ. ಇಂದು ಟಿವಿಯಲ್ಲಿ ಕಾಣುವ ಉದ್ದದ ಎಸೆತಗಳು ಆಗ ಇರಲೇ ಇಲ್ಲ. ಚೆಂಡನ್ನು ಮುಂದಕ್ಕೆ ಎಸೆಯಲು ನಿಯಮ ಒಪ್ಪಿದ್ದು 1906ರಲ್ಲಿ. ಮೂರು ಯತ್ನಗಳಲ್ಲಿ ಐದು ಗಜ ಮುಂದೆ ಹೋಗಬೇಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಹೀಗಾಗಿ ಹತ್ತು ಮಂದಿ ಒಬ್ಬನನ್ನು ಸುತ್ತುವರಿದು, ಹಿಂದಿನಿಂದ ತಳ್ಳಿ, ಮುಂದಿನಿಂದ ಎಳೆದು ಸಾಗಿಸುತ್ತಿದ್ದರು. ಚೆಂಡನ್ನು ಎದುರಾಳಿಯ ಗೆರೆಯಾಚೆ ಮುಟ್ಟಿಸುವ ಟಚ್‌ಡೌನ್‌ಗೆ 5 ಅಂಕ, ಅದರ ನಂತರದ ಒದೆತ ಗುರಿ ಸೇರಿದರೆ ಇನ್ನೊಂದು. ಅರ್ಧಕ್ಕೆ 35 ನಿಮಿಷದಂತೆ ಎರಡು ಅರ್ಧ. ಒಮ್ಮೆ ಹೊರಗೆ ಹೋದವನು ಮತ್ತೆ ಒಳಗೆ ಬರುವಂತಿಲ್ಲ. ಆದ್ದರಿಂದ ಪೆಟ್ಟು ಬಿದ್ದರೂ ಹಲ್ಲು ಕಚ್ಚಿ ನಿಲ್ಲುವುದೇ ರೂಢಿ. ತಲೆಗೆ ಗಟ್ಟಿ ಹೆಲ್ಮೆಟ್ ಇಲ್ಲ, ಉದ್ದ ಕೂದಲೇ ರಕ್ಷೆ.

ಇದು ಸಾವು ತರುವ ಆಟವೂ ಆಗಿತ್ತು. 1897ರ ಅಕ್ಟೋಬರ್‌ನಲ್ಲಿ ಅಟ್ಲಾಂಟದಲ್ಲಿ ವರ್ಜೀನಿಯ ಎದುರು ಆಡುತ್ತಿದ್ದ ಜಾರ್ಜಿಯದ ವಾನ್ ಗ್ಯಾಮನ್ ತಲೆಗೆ ಪೆಟ್ಟು ಬಿದ್ದು ತೀರಿಕೊಂಡ. ಜಾರ್ಜಿಯದ ಶಾಸನಸಭೆ ಆಟವನ್ನೇ ನಿಷೇಧಿಸುವ ಮಸೂದೆ ಪಾಸು ಮಾಡಿತು. ಮಗನನ್ನು ಕಳೆದುಕೊಂಡ ತಾಯಿ ರೊಸಾಲಿಂಡ್ ಗ್ಯಾಮನ್, ತನ್ನ ಮಗ ಪ್ರೀತಿಸಿದ ಆಟವನ್ನು ಅವನ ಸಾವಿನ ನೆಪದಲ್ಲಿ ಮುಗಿಸಬೇಡಿ ಎಂದು ಬರೆದರು. ಗವರ್ನರ್ ಅಟ್ಕಿನ್ಸನ್ ಮಸೂದೆಗೆ ಸಹಿ ಹಾಕಲಿಲ್ಲ. ಅದಾದ ಎರಡೇ ವರ್ಷಕ್ಕೆ, ಅದೇ ಜಾರ್ಜಿಯ ತಂಡದ ಎದುರು, ಅದೇ ಅಟ್ಲಾಂಟದಲ್ಲಿ ಸೆವಾನಿಯ ಋತು ಆರಂಭವಾಯಿತು.

ಅಕ್ಟೋಬರ್ 21ರಂದು ಜಾರ್ಜಿಯ ಎದುರು 12–0. ಒಂದು ದಿನ ಬಿಟ್ಟು, 23ರಂದು, ಅದೇ ನಗರದಲ್ಲಿ ಜಾರ್ಜಿಯ ಟೆಕ್ ಎದುರು 32–0. ಬೆಟ್ಟಕ್ಕೆ ಮರಳಿದ ಮೇಲೆ 28ರಂದು ಟೆನೆಸಿ ವಿಶ್ವವಿದ್ಯಾಲಯ 46–0, ನವೆಂಬರ್ 3ರಂದು ಸೌತ್‌ವೆಸ್ಟರ್ನ್ ಪ್ರೆಸ್ಬಿಟೇರಿಯನ್ 54–0. ನಾಲ್ಕು ಪಂದ್ಯಗಳಲ್ಲಿ 144 ಅಂಕ ಗಳಿಸಿ ಒಂದನ್ನೂ ಬಿಟ್ಟುಕೊಟ್ಟಿರಲಿಲ್ಲ.

ಕೋಚ್ ಬಿಲ್ಲಿ ಸೂಟರ್ ಪ್ರಿನ್ಸ್‌ಟನ್‌ನಲ್ಲಿ ಓದಿದವರು. ಫುಟ್‌ಬಾಲಿನ ತವರಾದ ಉತ್ತರದ ವಿದ್ಯೆಯನ್ನು ದಕ್ಷಿಣಕ್ಕೆ ತಂದವರು. ನಾಯಕ ಹೆನ್ರಿ ಸೀಬಲ್ಸ್, ಅಲಬಾಮದ ಮಾಂಟ್‌ಗೋಮರಿಯ ಹುಡುಗ, ಹಾಫ್‌ಬ್ಯಾಕ್, ಗೆಳೆಯರಿಗೆ 'ಡಿಡ್ಡಿ'. ಫುಲ್‌ಬ್ಯಾಕ್ ಆರ್ಮಂಡ್ ಸಿಮ್‌ಕಿನ್ಸ್ ಟೆಕ್ಸಸ್‌ನವನು, ಚೆಂಡು ಹೊತ್ತು ನುಗ್ಗುವುದರಲ್ಲೂ ಒದೆಯುವುದರಲ್ಲೂ ಎತ್ತಿದ ಕೈ. 'ವಾರ್ಬ್ಲರ್' ವಿಲ್ಸನ್ ಕ್ವಾರ್ಟರ್‌ಬ್ಯಾಕ್. 'ವೈಲ್ಡ್ ಬಿಲ್' ಕ್ಲೇಬೋರ್ನ್‌ಗೆ ಒಂದು ಕಣ್ಣು ಕಾಣುತ್ತಿರಲಿಲ್ಲ. ಪಂದ್ಯದ ಮೊದಲು ಆ ಕಣ್ಣನ್ನು ಎದುರಾಳಿಗೆ ತೋರಿಸಿ, ಅದರ ಲೆಕ್ಕ ಇವತ್ತು ಚುಕ್ತಾ ಮಾಡುತ್ತೇನೆಂದು ಹೆದರಿಸುತ್ತಿದ್ದ ಎಂಬ ಕಥೆ ಸೆವಾನಿಯಲ್ಲಿ ಈಗಲೂ ಓಡಾಡುತ್ತದೆ. ಹೀಗೆ ಅಡ್ಡಹೆಸರಿಲ್ಲದವರು ತಂಡದಲ್ಲಿ ಕಡಿಮೆ. ಊರು ಎಷ್ಟು ಚಿಕ್ಕದಿತ್ತು, ಒಬ್ಬರಿಗೊಬ್ಬರು ಎಷ್ಟು ಹತ್ತಿರದವರಾಗಿದ್ದರು ಎಂಬುದನ್ನು ಆ ಹೆಸರುಗಳೇ ಹೇಳುತ್ತವೆ.

ನವೆಂಬರ್ 7, ಮಂಗಳವಾರ. ಎರಡು ಡಜನ್‌ಗೂ ಕಡಿಮೆ ಆಟಗಾರರು, ಕೋಚ್, ಮ್ಯಾನೇಜರ್ ಮತ್ತು ತರಬೇತಿ ಸಹಾಯಕ ಕ್ಯಾಲ್ ಬರೋಸ್ ಬೆಟ್ಟ ಇಳಿದರು. ಮಲಗಲು ಅನುಕೂಲವಿದ್ದ ಪುಲ್‌ಮನ್ ಬೋಗಿಯನ್ನು ಲೀ ಗೊತ್ತುಮಾಡಿದ್ದ. ಊರೂರಿನ ನೀರು ಕುಡಿದು ಹೊಟ್ಟೆ ಕೆಟ್ಟರೆ ಕಥೆ ಮುಗಿದಂತೆ, ಹಾಗಾಗಿ ಸೆವಾನಿಯ ಟ್ರೆಮ್ಲೆಟ್ ಚಿಲುಮೆಯ ನೀರನ್ನು ಪೀಪಾಯಿಗಳಲ್ಲಿ ತುಂಬಿ ರೈಲಿಗೇರಿಸಿದ್ದರು. ಇಷ್ಟೆಲ್ಲ ಎಚ್ಚರ ವಹಿಸಿದವರು ಆಟಗಾರರ ಬೂಟುಗಳನ್ನು ಸ್ಟೇಷನ್ನಿನಲ್ಲೇ ಬಿಟ್ಟು ಬಂದಿದ್ದರು! ರೈಲು ಹೊರಟ ಮೇಲೆ ಅದು ಗೊತ್ತಾಯಿತು. ಬೂಟುಗಳು ನಂತರದ ರೈಲಿನಲ್ಲಿ ಬಂದು ಅವರನ್ನು ಕೂಡಿಕೊಂಡವು. ಟೆಕ್ಸಸ್‌ನಲ್ಲಿ ಅವರು ಬೂಟು ತೊಟ್ಟೇ ಆಡಿದರು.

ಗುರುವಾರ, ನವೆಂಬರ್ 9, ಆಸ್ಟಿನ್. ಟೆಕ್ಸಸ್ ವಿಶ್ವವಿದ್ಯಾಲಯದ ತಂಡ ಆ ವರ್ಷ ಅಲ್ಲಿಯವರೆಗೆ ಸೋಲು ಕಂಡಿರಲಿಲ್ಲ. ಇಡೀ ಪ್ರವಾಸದ ಅತಿ ಕಠಿಣ ಪಂದ್ಯ ಇದೇ. ನಾಯಕ ಸೀಬಲ್ಸ್‌ನ ತಲೆ ಒಡೆದು ರಕ್ತ ಸುರಿಯಿತು. ಹೊರಗೆ ಹೋದರೆ ಮತ್ತೆ ಬರುವಂತಿಲ್ಲ. ಗಾಯಕ್ಕೆ ಪಟ್ಟಿ ಅಂಟಿಸಿಕೊಂಡು ಆತ ಆಟ ಮುಗಿಯುವವರೆಗೂ ನಿಂತ. 12–0. ಮರುದಿನ ಶುಕ್ರವಾರ, ಸುಮಾರು 260 ಕಿಲೋಮೀಟರ್ ಆಚೆಯ ಹ್ಯೂಸ್ಟನ್‌ನಲ್ಲಿ ಟೆಕ್ಸಸ್ ಎ ಅಂಡ್ ಎಂ ಎದುರು 10–0. ರಾತ್ರಿಯಿಡೀ ಪ್ರಯಾಣ, ಶನಿವಾರ ನ್ಯೂ ಆರ್ಲಿಯನ್ಸ್‌ನಲ್ಲಿ ಟುಲೇನ್ ಎದುರು 23–0. ಆ ಸಂಜೆ ಹುಡುಗರು ನಾಟಕ ನೋಡಲು ಹೋದರು. ಮೂರು ದಿನಗಳಲ್ಲಿ ಮೂರು ಪಂದ್ಯ ಆಡಿದವರು ಕಣ್ಣು ಬಿಟ್ಟುಕೊಂಡು ನಾಟಕ ನೋಡಿದರೋ, ಕುರ್ಚಿಯಲ್ಲೇ ನಿದ್ದೆ ಹೋದರೋ. ಬೆಟ್ಟದ ಮೇಲಿನ ಹುಡುಗರಿಗೆ ನ್ಯೂ ಆರ್ಲಿಯನ್ಸ್ ಕಾಣುವ ಅವಕಾಶ ದಿನವೂ ಸಿಗುತ್ತಿರಲಿಲ್ಲ, ಅದನ್ನು ಬಿಟ್ಟುಕೊಡಲು ಅವರು ಒಪ್ಪದಿದ್ದದ್ದು ನನಗೆ ಇಷ್ಟವಾಗುತ್ತದೆ.

ಭಾನುವಾರ ಚರ್ಚಿನ ಕಾಲೇಜು ಆಡುವಂತಿಲ್ಲ. ಅಂದು ಕಬ್ಬಿನ ತೋಟವೊಂದನ್ನು ನೋಡಿಕೊಂಡು ಬಂದರು. ಆರು ದಿನ ದುಡಿದು ಏಳನೆಯ ದಿನ ವಿಶ್ರಮಿಸಿದರು ಎಂದು ಬೈಬಲ್ಲಿನ ಸೃಷ್ಟಿಕಥೆಯ ಧಾಟಿಯಲ್ಲಿ ಈ ತಂಡದ ಬಗ್ಗೆ ಹೇಳುವುದುಂಟು. ಕೇಳಲು ಸೊಗಸು, ಆದರೆ ವಿಶ್ರಾಂತಿ ಬಿದ್ದದ್ದು ನಾಲ್ಕನೆಯ ದಿನ, ಪ್ರವಾಸದ ನಟ್ಟನಡುವೆ. ಆ ಒಂದು ದಿನ ಇಲ್ಲದಿದ್ದರೆ ಮುಂದಿನ ಎರಡು ಪಂದ್ಯಗಳಿಗೆ ಮೈ ಸಹಕರಿಸುತ್ತಿತ್ತೇ ಎಂಬುದು ಅನುಮಾನ. ಸೋಮವಾರ ಬ್ಯಾಟನ್ ರೂಜ್‌ನಲ್ಲಿ ಲೂಸಿಯಾನ ಸ್ಟೇಟ್ ಎದುರು 34–0. ಅಲ್ಲಿಂದ ಉತ್ತರಕ್ಕೆ ಸುಮಾರು 600 ಕಿಲೋಮೀಟರ್ ಸಾಗಿ ಮಂಗಳವಾರ ಮೆಂಫಿಸ್ ತಲುಪಿ, ಮಿಸಿಸಿಪಿ ವಿಶ್ವವಿದ್ಯಾಲಯದ ಎದುರು 12–0. ಐದು ಪಂದ್ಯಗಳ ಮೊತ್ತ 91–0. ಪ್ರತಿ ಊರಿನಲ್ಲೂ ಎದುರಿಗಿದ್ದದ್ದು ತಮ್ಮ ಮನೆಯಲ್ಲೋ ಹತ್ತಿರದಲ್ಲೋ ರಾತ್ರಿ ನಿದ್ದೆ ಮಾಡಿ ಬಂದ ತಂಡ. ಇವರದು ರೈಲಿನ ನಿದ್ದೆ.

ಕ್ಯಾಲ್ ಬರೋಸ್ ಹೆಸರನ್ನು ಇಲ್ಲಿ ನಿಂತು ಹೇಳಬೇಕು. ಆತ ಕಪ್ಪು ಜನಾಂಗದವನು. ದಿನವೂ ಜಜ್ಜಿಸಿಕೊಂಡು ಬರುವ ಹುಡುಗರ ಕಾಲು, ಭುಜ, ಬೆನ್ನುಗಳನ್ನು ತಿಕ್ಕಿ, ನೀವಿ, ಪಟ್ಟಿ ಕಟ್ಟಿ ಮರುದಿನಕ್ಕೆ ನಿಲ್ಲಿಸುತ್ತಿದ್ದದ್ದು ಆತನ ಕೈ. ಎಲ್ಲ ಹುಡುಗರ ಅಡ್ಡಹೆಸರುಗಳನ್ನೂ ಉಳಿಸಿಕೊಂಡ ಊರಿನ ನೆನಪಿನಲ್ಲಿ ಆತನ ಬಗ್ಗೆ ಉಳಿದ ಮಾತು ಬಹಳ ಕಡಿಮೆ. ಆತ ಕಾಪಾಡಿದ ತಂಡದ ವಿಶ್ವವಿದ್ಯಾಲಯಕ್ಕೆ ಆಗ ಆತನ ಜನಾಂಗದವರು ವಿದ್ಯಾರ್ಥಿಗಳಾಗಿ ಸೇರುವಂತೆಯೇ ಇರಲಿಲ್ಲ. ಆರು ದಿನಗಳಲ್ಲಿ ಐದು ಪಂದ್ಯ ಎಂಬ ದಾಖಲೆಯನ್ನು ಹನ್ನೊಂದು ಮಂದಿಯ ಹೆಸರಿನಲ್ಲಿ ಮಾತ್ರ ಬರೆಯುವುದು ನ್ಯಾಯವಲ್ಲ. ತಂಡದ ಚಿತ್ರದಲ್ಲಿ ಬರೋಸ್‌ಗೆ ಸಲ್ಲಬೇಕಾದ ಜಾಗ ನಾಯಕನ ಪಕ್ಕದ್ದು.

ಮೆಂಫಿಸ್ ಪಂದ್ಯವಾಗಿ ಆರು ದಿನಕ್ಕೆ, ನವೆಂಬರ್ 20ರಂದು, ಬೆಟ್ಟದ ಮೇಲೆ ಕಂಬರ್ಲೆಂಡ್ ತಂಡವನ್ನು 71–0ಯಿಂದ ಸೋಲಿಸಿದರು. ಆಮೇಲೆ ಬಂತು ಆಬರ್ನ್.

ನವೆಂಬರ್ 30, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಗುರುವಾರ, ಮಾಂಟ್‌ಗೋಮರಿ. ಸೀಬಲ್ಸ್‌ಗೆ ಇದು ಹುಟ್ಟೂರು. ಆಬರ್ನ್‌ನ ಕೋಚ್ ಜಾನ್ ಹೈಸ್‌ಮನ್. ಇಂದು ಅಮೆರಿಕದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಟ್ರೋಫಿ ಅವರ ಹೆಸರಿನದು. ಒಂದು ಯತ್ನ ಮುಗಿದು ಎದುರಾಳಿ ಎದ್ದು ನಿಲ್ಲುವ ಮೊದಲೇ ಮುಂದಿನದನ್ನು ಶುರುಮಾಡುವ ಚುರುಕಿನ ಆಟವನ್ನು ಅವರು ಹುಡುಗರಿಗೆ ಕಲಿಸಿದ್ದರು. ಹತ್ತು ಪಂದ್ಯಗಳಲ್ಲಿ ಯಾರಿಗೂ ಬಾಗದ ಸೆವಾನಿಯ ಗೋಡೆ ಅಂದು ಎರಡು ಸಲ ಬಿರುಕುಬಿಟ್ಟಿತು. ಆಬರ್ನ್ 10 ಅಂಕ, ಸೆವಾನಿ 11. ಟಚ್‌ಡೌನ್ ನಂತರದ ಒಂದು ಒದೆತ ಗುರಿ ಸೇರಿದ್ದರಿಂದ ಸಿಕ್ಕ ಒಂದೇ ಒಂದು ಅಂಕ ಇಡೀ ಋತುವನ್ನು ಉಳಿಸಿತು. ತೀರ್ಪುಗಾರರು ತಮಗೆ ಅನ್ಯಾಯ ಮಾಡಿದರೆಂದು ಹೈಸ್‌ಮನ್ ಪತ್ರಿಕೆಗೆ ಬರೆದರು, ಸೂಟರ್ ಅದಕ್ಕೆ ಉತ್ತರ ಬರೆದರು. ಯಾರ ಮಾತು ನಿಜವಾದರೂ, ಅಂದು ಆಬರ್ನ್ ಗೆಲುವಿಗೆ ತೀರಾ ಹತ್ತಿರ ಬಂದಿತ್ತು. ಉಳಿದ ಹನ್ನೊಂದು ಗೆಲುವುಗಳಿಗಿಂತ ಈ ಒಂದಂಕದ ಗೆಲುವೇ ನನಗೆ ಹೆಚ್ಚಿನದಾಗಿ ಕಾಣುತ್ತದೆ. ಸೆವಾನಿಗೆ ಸಮನಾದ ಎದುರಾಳಿ ಸಿಕ್ಕಿದ್ದು ಅಂದೇ.

ಎರಡು ದಿನ ಕಳೆದು, ಡಿಸೆಂಬರ್ 2ರ ಶನಿವಾರ ಅಟ್ಲಾಂಟದಲ್ಲಿ ನಾರ್ತ್ ಕ್ಯಾರೊಲೈನ ಎದುರು 5–0. ಅಲ್ಲಿಗೆ ಋತು ಮುಗಿಯಿತು. 12 ಪಂದ್ಯ, 12 ಗೆಲುವು, 322 ಅಂಕ, ಬಿಟ್ಟುಕೊಟ್ಟದ್ದು 10.

ಹೊಗಳುವಾಗ ಅಳತೆ ತಪ್ಪಬಾರದು. ಟೆಕ್ಸಸ್, ಲೂಸಿಯಾನ ಸ್ಟೇಟ್, ಆಬರ್ನ್, ಜಾರ್ಜಿಯ ಎಂದರೆ ಇಂದು ಲಕ್ಷದ ಹತ್ತಿರ ಜನ ಹಿಡಿಸುವ ಕ್ರೀಡಾಂಗಣಗಳ ದೈತ್ಯರು. ಅಂದು ಟೆಕ್ಸಸ್‌ನಲ್ಲೂ ಲೂಸಿಯಾನದಲ್ಲೂ ಫುಟ್‌ಬಾಲ್ ಶುರುವಾಗಿ ಆರು ವರ್ಷವಾಗಿತ್ತು ಅಷ್ಟೆ. ಉತ್ತರದ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳ ಎದುರು ಸೆವಾನಿ ಆ ವರ್ಷ ಆಡಲೇ ಇಲ್ಲ. ಇಷ್ಟನ್ನೂ ಒಪ್ಪಿಕೊಂಡ ಮೇಲೂ ಒಂದು ಮಾತು ಉಳಿಯುತ್ತದೆ: ಆ ಆರು ದಿನಗಳನ್ನು ಇನ್ನು ಯಾರೂ ಮತ್ತೆ ಮಾಡಿ ತೋರಿಸಲಾರರು, ಏಕೆಂದರೆ ಇಂದು ಯಾವ ನಿಯಮವೂ ಅದಕ್ಕೆ ಒಪ್ಪಿಗೆ ಕೊಡುವುದಿಲ್ಲ. ಕೊಡಲೂ ಬಾರದು.

ಏಕೆ ಬಾರದು ಎಂಬುದಕ್ಕೆ ಸಿಮ್‌ಕಿನ್ಸ್‌ನ ಬದುಕೇ ಸಾಕು. ಅವನಂಥ ಫುಲ್‌ಬ್ಯಾಕ್ ದಕ್ಷಿಣದಲ್ಲಿ ಇನ್ನೊಬ್ಬನಿಲ್ಲ ಎಂದು ಕಂಡವರು ಹೇಳುತ್ತಿದ್ದರು. ಆಟದಲ್ಲಿ ಕಾಲುಗಳಿಗೆ ಬಿದ್ದ ಪೆಟ್ಟುಗಳು ವಾಸಿಯಾಗದೆ ಬೆಳೆದು, ಕೊನೆಗೆ ಎರಡೂ ಕಾಲುಗಳನ್ನು ಕತ್ತರಿಸಬೇಕಾಯಿತು. 1921ರಲ್ಲಿ, ನಡುವಯಸ್ಸಿನಲ್ಲೇ, ಆತ ತೀರಿಕೊಂಡ.

ಉಳಿದವರು ಬೇರೆ ಬೇರೆ ದಾರಿ ಹಿಡಿದರು. ಒಂಟಿಕಣ್ಣಿನ ಕ್ಲೇಬೋರ್ನ್ ಪಾದ್ರಿಯಾದ. ಎದುರಾಳಿಗಳನ್ನು ಹೆದರಿಸುತ್ತಿದ್ದ ಆ ಮನುಷ್ಯ ಸೆವಾನಿಯ ಸುತ್ತಲ ಬೆಟ್ಟದ ಬಡಜನರ ನಡುವೆ ಕೆಲಸ ಮಾಡಿದ. ಸೀಬಲ್ಸ್ ವಿಮೆಯ ವ್ಯವಹಾರ ಹಿಡಿದ. 1973ರಲ್ಲಿ ಕಾಲೇಜು ಫುಟ್‌ಬಾಲಿನ ಹಾಲ್ ಆಫ್ ಫೇಮ್‌ಗೆ ಆತನ ಹೆಸರು ಸೇರಿತು. ಲ್ಯೂಕ್ ಲೀಯ ಕಥೆಯೇ ಒಂದು ಕಾದಂಬರಿಗಾಗುವಷ್ಟಿದೆ. 1907ರಲ್ಲಿ ನ್ಯಾಷ್‌ವಿಲ್‌ನಲ್ಲಿ 'ಟೆನೆಸಿಯನ್' ಪತ್ರಿಕೆ ಕಟ್ಟಿದ. 1911ರಲ್ಲಿ, ಮೂವತ್ತೆರಡು ತುಂಬುವ ಮೊದಲೇ, ಅಮೆರಿಕದ ಸೆನೆಟ್ ಸೇರಿದ. ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರ ಜನವರಿಯಲ್ಲಿ, ನೆದರ್‌ಲೆಂಡ್ಸ್‌ನ ಅಮೆರೊಂಗೆನ್ ಕೋಟೆಯಲ್ಲಿ ಆಶ್ರಯ ಪಡೆದಿದ್ದ ಜರ್ಮನಿಯ ಕೈಸರ್ ವಿಲ್ಹೆಲ್ಮನನ್ನು ಹಿಡಿದು ತರುತ್ತೇನೆಂದು ಕೆಲವು ಜೊತೆಗಾರರೊಂದಿಗೆ ಕಾರಿನಲ್ಲಿ ಹೊರಟು, ಕೋಟೆಯ ಒಳಗೂ ಹೋಗಿ, ಬರಿಗೈಯಲ್ಲಿ ಮರಳಿ ಸೇನೆಯಿಂದ ಛೀಮಾರಿ ಹಾಕಿಸಿಕೊಂಡ. 1930ರ ದಶಕದಲ್ಲಿ ಬ್ಯಾಂಕ್ ವಂಚನೆಯ ಪ್ರಕರಣದಲ್ಲಿ ಜೈಲಿಗೂ ಹೋದ, ಆಮೇಲೆ ಕ್ಷಮಾದಾನ ಸಿಕ್ಕಿತು. ಆಗದ ಕೆಲಸವನ್ನು ಆಗುತ್ತದೆಂದು ನಂಬಿ ಹೊರಡುವ ಧೈರ್ಯ, ಲೆಕ್ಕ ಮೀರುವ ಹುಂಬತನ ಎರಡೂ ಆ ಮನುಷ್ಯನಲ್ಲಿದ್ದವು. 1899ರ ವೇಳಾಪಟ್ಟಿಯನ್ನು ಬರೆಯಲು ಎರಡೂ ಬೇಕಿದ್ದವು.

ಸೆವಾನಿಯ ಫುಟ್‌ಬಾಲ್ ಆ ಎತ್ತರದಲ್ಲಿ ಬಹಳ ಕಾಲ ನಿಲ್ಲಲಿಲ್ಲ. ಸುತ್ತಲಿನ ಸರ್ಕಾರಿ ವಿಶ್ವವಿದ್ಯಾಲಯಗಳು ಸಾವಿರಾರು ವಿದ್ಯಾರ್ಥಿಗಳಿಂದ ತುಂಬಿಕೊಂಡವು, ಬೆಟ್ಟದ ಮೇಲೆ ಕೆಲವು ನೂರರ ಲೆಕ್ಕವೇ ಮುಂದುವರಿಯಿತು. 1932ರಲ್ಲಿ ಸೌತ್‌ಈಸ್ಟರ್ನ್ ಕಾನ್ಫರೆನ್ಸ್ ಎಂಬ ಒಕ್ಕೂಟ ಹುಟ್ಟಿದಾಗ ಹದಿಮೂರು ಸ್ಥಾಪಕ ಸದಸ್ಯರಲ್ಲಿ ಸೆವಾನಿಯೂ ಒಂದು. ಹಳೆಯ ಹೆಸರಿನ ಬಲದ ಮೇಲೆ ಸಿಕ್ಕ ಸ್ಥಾನ ಅದು. ಒಕ್ಕೂಟದೊಳಗೆ ಆಡಿದ 37 ಪಂದ್ಯಗಳಲ್ಲಿ ಒಂದನ್ನೂ ಗೆಲ್ಲಲಾಗಲಿಲ್ಲ. 1940ರಲ್ಲಿ, ಅಲೆಕ್ಸಾಂಡರ್ ಗೆರಿ ವೈಸ್ ಚಾನ್ಸಲರ್ ಆಗಿದ್ದಾಗ, ಸೆವಾನಿ ಒಕ್ಕೂಟದಿಂದ ಹೊರಬಂತು. ಆಟಗಾರರನ್ನು ಹಣ ಕೊಟ್ಟು ಕರೆತರುವ ಹಾದಿ ತನ್ನದಲ್ಲ, ಓದಲು ಬಂದವರೇ ಆಡಲಿ ಎಂಬುದು ಗೆರಿಯವರ ನಿಲುವು. ಆಗ ಅದನ್ನು ಸೋಲೆಂದು ಬಗೆದವರಿದ್ದರು. ಲ್ಯೂಕ್ ಲೀ ರೈಲಿನ ವೇಳಾಪಟ್ಟಿ ಹಿಡಿದು ಕೂತಿದ್ದ ಕಾಲದಲ್ಲೂ ಸೆವಾನಿಯಲ್ಲಿ ಆಡಿದವರು ಓದಲು ಬಂದ ಹುಡುಗರೇ. ಗೆರಿ ಉಳಿಸಿಕೊಂಡದ್ದು ಅದನ್ನೇ ಎಂದು ನನ್ನ ಎಣಿಕೆ. ಇಂದು ಸೆವಾನಿಯ ತಂಡ ಆಡುವುದು ಕ್ರೀಡಾ ವಿದ್ಯಾರ್ಥಿವೇತನವೇ ಇಲ್ಲದ ಮೂರನೆಯ ದರ್ಜೆಯ ವಿಭಾಗದಲ್ಲಿ.